ತೆಂಗಿನ ಮರ ಹತ್ತಿದ ಹುಂಜ

ಮಾಸ್ತಿಯ ಶಾಮಲಮ್ಮ ಸಮುದ್ರ ನೋಡಿದವರಲ್ಲ. ಆದರೂ ೨೦೦೧ರಿಂದ ಕೆಲವು ವರ್ಷ ಅವರ ಸಂಬಳ ಬರುತ್ತಿದ್ದುದು ಹಡಗುಗಳ ದೆಸೆಯಿಂದ. ದಿನಾ ಬಸ್ಸಿನಲ್ಲಿ ಮಾಲೂರಿಗೆ ಬಂದು, ಊರಾಚೆಯ ಒಂದು ಶೆಡ್ಡಿನಲ್ಲಿ ಬಟ್ಟೆ ಚೀಲಗಳಿಗೆ ಕಸೂತಿಯ ಚಿತ್ರ ಬರೆದುಕೊಡುವುದು ಅವರ ಕೆಲಸ. ಅವರು ಬರೆದದ್ದರ ಮೇಲೆ ಉಳಿದ ಹೆಂಗಸರು ಮಿಷನ್ ಓಡಿಸುತ್ತಿದ್ದರು.

ಆ ವರ್ಷ ಸಾಂತಾ ಬೆಲ್ಲಾ ಎಂಬ ದೂರದ ದ್ವೀಪದಿಂದ ಆರ್ಡರು ಬಂತು.

“ಸಂತೆ ಬೆಲ್ಲಾನಾ ಸಾರ್? ಯಾವ ಸಂತೇದು?” ಎಂದರು ಶಾಮಲಮ್ಮ. ಶೆಡ್ಡೆಲ್ಲ ನಕ್ಕಿತು.

ಸೂಪರ್‌ವೈಸರ್ ಮುನಿಕೃಷ್ಣಪ್ಪ ವಿವರಿಸಿದರು. ಅಲ್ಲಿಗೆ ವಾರಕ್ಕೆ ಮೂರು ಸಲ ಪ್ರವಾಸಿಗರ ದೊಡ್ಡ ಹಡಗು ಬರುತ್ತದೆ. ಎರಡು ಸಾವಿರ ಜನ ಇಳಿದು, ಆರು ಗಂಟೆ ಸುತ್ತಾಡಿ, ನೆನಪಿಗೊಂದು ಸಾಮಾನು ಕೊಂಡು ಹೊರಡುತ್ತಾರೆ. ಊಟ, ನಿದ್ದೆ ಹಡಗಿನಲ್ಲೇ. ದ್ವೀಪದವರ ಪಾಲಿಗೆ ಆ ಆರು ಗಂಟೆಯ ವ್ಯಾಪಾರವಷ್ಟೆ.

“ಚೀಲ ಅವ್ರೇ ಹೊಲ್ಕೋಬೋದಲ್ಲ?”

“ನಮ್ಮಷ್ಟು ಅಗ್ಗಕ್ಕೆ ಆಗಲ್ಲ ಕಣಮ್ಮ. ಸುಮ್ನೆ ಬರಿ.”

ಚಿತ್ರ ಫ್ಯಾಕ್ಸಿನಲ್ಲಿ ಬಂದಿತ್ತು. ತೆಂಗಿನ ಮರ ಸ್ಪಷ್ಟ. ಅದರ ಮೇಲೆ ಕೂತ ಹಕ್ಕಿ ಮಾತ್ರ ಮಸಿ ಮಸಿ. ಜುಟ್ಟಿನಂಥದ್ದೇನೋ ಇತ್ತು, ಉದ್ದ ಬಾಲವಿತ್ತು. ಕೇಳೋಣವೆಂದರೆ ಮುನಿಕೃಷ್ಣಪ್ಪ ತಂಗಿಯ ಮಗಳ ಮದುವೆಗೆ ಹುತ್ತೂರಿಗೆ ಹೋಗಿದ್ದರು. ಶಾಮಲಮ್ಮ ಯೋಚಿಸಿ, ತಮಗೆ ಚೆನ್ನಾಗಿ ಗೊತ್ತಿದ್ದ ಹಕ್ಕಿಯನ್ನೇ ಬರೆದರು.

ನಾಲ್ಕನೇ ದಿನ ಮುನಿಕೃಷ್ಣಪ್ಪ ಬಂದಾಗ ಆರುನೂರು ಚೀಲ ತಯಾರು.

“ಅಯ್ಯೋ ದೇವುಡಾ! ಗಿಣಿ ಎಲ್ಲಮ್ಮಾ? ತೆಂಗಿನ ಮರದ ಮೇಲೆ ಹುಂಜ ಕೂರ್ಸಿದ್ದೀಯಲ್ಲ!”

“ಜುಟ್ಟು ಇತ್ತಲ್ಲ ಸಾರ್!”

ಬಿಚ್ಚಿ ಹೊಲಿಯಲು ಪುರುಸೊತ್ತಿರಲಿಲ್ಲ. ಚೆನ್ನೈಗೆ ಹೋಗುವ ಲಾರಿ ಬಾಗಿಲಲ್ಲಿ ನಿಂತಿತ್ತು. ಹುಂಜಗಳು ಹಾಗೇ ಹೊರಟವು. ಮುಂದಿನ ಎರಡು ತಿಂಗಳು ಫ್ಯಾಕ್ಸ್ ಸದ್ದಾದಾಗಲೆಲ್ಲ ಶಾಮಲಮ್ಮ ಪೆನ್ಸಿಲ್ ಕೆಳಗಿಟ್ಟು ಅತ್ತ ನೋಡುತ್ತಿದ್ದರು.

ಕೊನೆಗೊಂದು ಕಾಗದ ಬಂತು. ಮುನಿಕೃಷ್ಣಪ್ಪ ಎರಡೆರಡು ಸಲ ಓದಿಕೊಂಡು, ಕುರ್ಚಿಯಲ್ಲಿ ಕುಸಿದು ನಕ್ಕರು. ಚೀಲಗಳೆಲ್ಲ ಮಾರಿಹೋಗಿದ್ದವು. ‘ನಮ್ಮ ದ್ವೀಪದ ಹುಂಜಗಳು ಮರ ಹತ್ತಿ ಕಾಯುತ್ತವೆ, ಹಡಗು ಕಂಡರೆ ಕೂಗುತ್ತವೆ’ ಎಂದು ಅಲ್ಲಿನ ಅಂಗಡಿಯವಳೊಬ್ಬಳು ಕತೆ ಕಟ್ಟಿದ್ದಳಂತೆ. ಎರಡು ಸಾವಿರ ಚೀಲ ಬೇಕು, ಹುಂಜವೇ ಇರಲಿ ಎಂದಿದ್ದರು.

“ಗಿಣಿ ಹಾಕ್ಲಾ ಸಾರ್?” ಎಂದರು ಶಾಮಲಮ್ಮ, ಮುಗ್ಧೆಯ ಹಾಗೆ.

“ಹಾಕಿದ್ರೆ ನೋಡು!”

ಮೂರು ವರ್ಷ ಹುಂಜ ಓಡಿತು. ಆಮೇಲೆ ಬಿರುಗಾಳಿಗೆ ಅಲ್ಲಿನ ಬಂದರು ಮುರಿಯಿತು. ಹಡಗುಗಳು ಇನ್ನೊಂದು ದ್ವೀಪ ಹುಡುಕಿಕೊಂಡವು. ಅಲ್ಲಿ ಹಡಗು ಬರುವುದು ನಿಂತದ್ದಕ್ಕೆ ಇಲ್ಲಿ ಮಾಲೂರಿನಲ್ಲಿ ಮಿಷನ್ ನಿಂತವು. ಶಾಮಲಮ್ಮ ಮಾಸ್ತಿಯಲ್ಲೇ ಕೂತು ರವಿಕೆ ಹೊಲಿದರು.

೨೦೦೬ರಲ್ಲಿ ಬಂದರು ರಿಪೇರಿಯಾಗಿ ಶಾಮಲಮ್ಮ ಶೆಡ್ಡಿಗೆ ಮರಳಿದರು; ದ್ವೀಪದಿಂದ ಮತ್ತೆ ಆರ್ಡರು ಬಂದಿತ್ತು. ಜೊತೆಗೊಂದು ಫೋಟೋ: ಅಂಗಡಿ ಮುಂದೆ ಸಾಲಾಗಿ ಚೀಲಗಳು, ಪಕ್ಕದಲ್ಲಿ ಕತೆ ಕಟ್ಟಿದ ಆ ಅಂಗಡಿಯವಳು, ಶಾಮಲಮ್ಮನದೇ ವಯಸ್ಸಿನ ದಪ್ಪನೆಯ ಹೆಂಗಸು, ಬಾಯ್ತುಂಬ ನಗು. ಶಾಮಲಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಹಡಗು ಇಲ್ದಾಗ ಈಯಮ್ಮ ಏನ್ ಮಾಡ್ಕೊಂಡಿದ್ಲು ಸಾರ್?”

“ಅದೆಲ್ಲ ಬರ್ದಿಲ್ಲಮ್ಮ.”

“ಕೇಳಿ ಬರೀರಿ,” ಎಂದು ಶಾಮಲಮ್ಮ ಫೋಟೋವನ್ನು ಗೋಡೆಗೆ ಸಿಕ್ಕಿಸಿ, ಪೆನ್ಸಿಲ್ ಚೂಪು ಮಾಡತೊಡಗಿದರು.