ಕೆಮ್ಮಣ್ಣಿನ ಮೇಲೆ ಬಿದ್ದ ಉಸಿರು

ನಮ್ಮ ಮನೆತನದಲ್ಲಿ ಯಾರಿಗೂ ಡಿಗ್ರಿ ಆಗುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ. ಕಣ್ಣಿಗೆ ಕಾಣದವರು ಬಂದು ಹೋಗುವುದೆಲ್ಲ ಸುಳ್ಳು ಎಂದು ಹೇಳುತ್ತಿದ್ದವನು ನಾನು. ಮಾವನ ಮಾತು ಸುಳ್ಳಾಯಿತು, ಅದಕ್ಕೆ ಇವತ್ತಿಗೂ ನನಗೆ ಹೆಮ್ಮೆ. ನನ್ನ ಮಾತು ಏನಾಯಿತು ಎಂಬುದು ಮಾತ್ರ ಇನ್ನೂ ತಿಳಿದಿಲ್ಲ.

ಮಾವ ಕುಸನೂರ ಕಡೆ ಏಳುತ್ತಿದ್ದ ಹೊಸ ಮನೆಗಳಿಗೆ ಬಣ್ಣ ಹಚ್ಚಿಸುವ ಮೇಸ್ತ್ರಿ. ಅಪ್ಪನೂ ಅವನ ಕೈಕೆಳಗೇ ಇದ್ದ. ನಾನು ಕಲಬುರಗಿಯಲ್ಲಿ ಚಿತ್ರಕಲೆಯ ಡಿಗ್ರಿಗೆ ಸೇರಿದಾಗ ಮಾವ ನಕ್ಕಿದ್ದ. ‘ಗ್ವಾಡಿಗಿ ಹಚ್ಚಿದ್ರ ಪಗಾರ ಕೊಡ್ತಾರ. ಕಾಗದಕ್ಕ ಹಚ್ಚಿದ್ರ ಏನ ಕೊಡ್ತಾರಲೇ?’ ಒಂದೇ ಒಂದು ಸಲ ಫೇಲಾದರೂ ಓದು ಬಿಟ್ಟು ಅವನ ಏಣಿ ಏರಬೇಕು ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದ.

ಕೊನೆಯ ವರ್ಷ ಹಳೆಯ ಚಿತ್ರವೊಂದನ್ನು ಹಳೆಯ ಪದ್ಧತಿಯಲ್ಲೇ ನಕಲು ಮಾಡಿ ಕೊಡಬೇಕಿತ್ತು. ಅಂಗಡಿಯ ಬಣ್ಣ, ಅಂಗಡಿಯ ಅಂಟು ನಡೆಯುತ್ತಿರಲಿಲ್ಲ. ಊರ ನಡುವಿನ ಜಗತ್ ಸರ್ಕಲ್ ಹತ್ತಿರದ ಒಂದು ಹಳೇ ಮನೆಯ ದೇವರ ಕೋಣೆಯಲ್ಲಿ ಬಾಲಕೃಷ್ಣನ ಚಿತ್ರವಿತ್ತು. ಮರದ ಹಲಗೆಗೆ ಬಟ್ಟೆ ಅಂಟಿಸಿ, ಸುಣ್ಣದ ಲೇಪ ಕೊಟ್ಟು, ಕಲ್ಲು ಅರೆದ ಬಣ್ಣದಲ್ಲಿ ಬರೆದದ್ದು. ಆ ಮನೆಯವರು ಮುಟ್ಟಬೇಡ, ನೋಡು ಎಂದರು. ಎಂಟು ದಿನ ನೋಡಿದೆ. ಹಲಗೆಯ ಹಿಂದಾಗಲಿ ಮುಂದಾಗಲಿ ಬರೆದವನ ಹೆಸರಿರಲಿಲ್ಲ. ಕಿರೀಟದ ಒಂದು ಮೂಲೆಯಲ್ಲಿ ಚಿನ್ನ ಉದುರಿ ಕೆಳಗಿನ ಕೆಂಪು ಕಾಣುತ್ತಿತ್ತು. ಆ ಕೆಂಪು ನನಗೆ ಗೊತ್ತಿತ್ತು. ಕಮಲಾಪುರದಲ್ಲಿ ನಮ್ಮ ಅಜ್ಜಿ ಒಲೆಗೆ ಸಾರಿಸುತ್ತಿದ್ದ ಕೆಮ್ಮಣ್ಣು ಅದು.

ಕಿರೀಟವೊಂದು ಬಿಟ್ಟು ಉಳಿದದ್ದೆಲ್ಲ ಬರೆದಿದ್ದ ನನ್ನ ಹಲಗೆ ಕಟ್ಟಿಕೊಂಡು ಬಸ್ಸು ಹತ್ತಿ ಅಜ್ಜಿಯ ಮನೆಗೆ ಹೋದೆ. ಮಣ್ಣನ್ನು ನೀರಿನಲ್ಲಿ ಕದಡಿ, ಧೋತರದಲ್ಲಿ ಮೂರು ಸಲ ಸೋಸಿ, ಮೇಲಿನ ಕೆನೆಗೆ ಜಾಲಿಯ ಅಂಟು ಕಲೆಸಿದೆ. ಕಿರೀಟಕ್ಕೆ ಹಚ್ಚಿ ಒಣಗಿಸಿ ನುಣುಪು ಕಲ್ಲಿನಿಂದ ತಿಕ್ಕಿದೆ. ಅಲ್ಲಿಯ ತನಕ ಎಲ್ಲ ಸರಿ. ಅದರ ಮೇಲೆ ಅಂಟಿಸಬೇಕಾದ ಚಿನ್ನದ ರೇಕು ಮಾತ್ರ ಕೂರಲೊಲ್ಲದು. ಒಣ ಮಣ್ಣಿನ ಮೇಲಿಟ್ಟರೆ ಹಾರಿಹೋಗುತ್ತಿತ್ತು, ನೀರು ಸವರಿ ಇಟ್ಟರೆ ಸುಕ್ಕಾಗಿ ಮುಳುಗುತ್ತಿತ್ತು. ಕಾಲೇಜಿನಲ್ಲಿ ಮೇಷ್ಟರನ್ನು ಮೊದಲೇ ಕೇಳಿದ್ದೆ, ಅವರಿಗೂ ಹೆಚ್ಚು ಗೊತ್ತಿರಲಿಲ್ಲ. ರೇಕು ಎಷ್ಟು ತೆಳುವೆಂದರೆ ಹತ್ತಿರ ಉಸಿರು ಬಿಟ್ಟರೂ ಎದ್ದು ಹೋಗುತ್ತದೆ, ಉಸಿರು ಹಿಡಿದು ಕೆಲಸ ಮಾಡು ಎಂದಿದ್ದರು. ತಂದಿದ್ದ ಹನ್ನೆರಡು ರೇಕಿನಲ್ಲಿ ಒಂಬತ್ತು ಹಾಳಾದವು. ಮಾರನೇ ದಿನ ಚಿತ್ರ ಒಪ್ಪಿಸಬೇಕಿತ್ತು.

ಆ ಮಧ್ಯಾಹ್ನ ಬಾಗಿಲು, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ಕೂತೆ. ಬೇಸಿಗೆ. ಹೆಂಚಿನ ಸಂದಿಯಿಂದ ಬಿಸಿಲಿನ ಒಂದು ಕೋಲು ಹಲಗೆಯ ಮೇಲೆ ಬಿದ್ದು, ಅದರಲ್ಲಿ ದೂಳು ಮೆಲ್ಲಗೆ ತೇಲುತ್ತಿತ್ತು. ಎಲ್ಲವೂ ನೀರಿನೊಳಗೆ ನಡೆಯುತ್ತಿದ್ದ ಹಾಗಿತ್ತು. ಹತ್ತನೇ ರೇಕು ಎತ್ತಿ ಹಿಡಿದೆ. ಆಗ ನನ್ನ ಬಲಗಿವಿಯ ಪಕ್ಕದಿಂದ ಒಂದು ಉಸಿರು ಬಂತು. ಬೆಚ್ಚಗೆ, ಉದ್ದವಾಗಿ, ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ ಬಿಡುತ್ತೇವಲ್ಲ, ಹಾಗೆ. ಲವಂಗದ ವಾಸನೆ ಇತ್ತು. ಹೊಳೆಯುತ್ತಿದ್ದ ಕೆಮ್ಮಣ್ಣು ಒಂದು ಕ್ಷಣ ಮಂಜು ಕವಿದಂತೆ ಮಸುಕಾಯಿತು. ನನ್ನ ಕೈ ತಾನಾಗಿ ಕೆಳಗಿಳಿಯಿತು. ರೇಕು ಮಣ್ಣಿಗೆ ಹಾರಿ ಕೂತಿತು, ತನ್ನ ಜಾಗ ಗೊತ್ತಿದ್ದ ಹಾಗೆ.

ತಿರುಗಿ ನೋಡಲಿಲ್ಲ. ಹೆದರಿಕೆಯಿಂದಲ್ಲ, ನೋಡಿದರೆ ಅದು ನಿಂತುಹೋದೀತು ಅನಿಸಿತು. ಉಳಿದೆರಡು ರೇಕಿಗೂ ಹಾಗೆಯೇ ಉಸಿರು ಬಂತು. ಕಿರೀಟ ಮುಗಿಯಿತು.

ಆಗ ಒಳಕೋಣೆಯಿಂದ ಅಜ್ಜಿಯ ದನಿ. ಕಣ್ಣಿಗೆ ಪೊರೆ ಬಂದು ಆಕೆಗೆ ಏನೂ ಕಾಣುತ್ತಿರಲಿಲ್ಲ.

‘ಯಾರ ಬಂದಾರಪ್ಪ? ಲವಂಗದ ವಾಸನಿ ಬರ್ಲಾಕತ್ತದ.’

‘ಯಾರೂ ಇಲ್ಲಬೇ,’ ಎಂದೆ.

‘ಇಷ್ಟ ಬಿಸಲಾಗ ಬಂದಾರ. ಮೊದಲ ಅವರಿಗಿ ನೀರ ಕೊಡು.’

ಎದ್ದು ಒಂದು ತಂಬಿಗೆ ನೀರು ತಂದು ಹಲಗೆಯ ಪಕ್ಕದಲ್ಲಿಟ್ಟೆ. ಸಂಜೆ ನೋಡಿದಾಗ ನೀರು ಹಾಗೇ ಇತ್ತು. ಇದನ್ನೂ ಇದ್ದದ್ದು ಇದ್ದಂತೆ ಹೇಳಬೇಕು.

ಮಾರನೇ ದಿನ ಕಾಲೇಜಿನಲ್ಲಿ ಪರೀಕ್ಷಕರು ಇನ್ನೊಂದು ರೇಕು ಕೊಟ್ಟು, ಎದುರಿಗೇ ಕೂರಿಸಿ ತೋರಿಸು ಎಂದರು. ಈ ಸಲ ಟವೆಲ್ ಕಟ್ಟಲಿಲ್ಲ. ಮಣ್ಣಿನ ಮೇಲೆ ನಾನೇ ಉಸಿರು ಬಿಟ್ಟೆ. ಕೂತಿತು. ಉಸಿರಿನ ಪಸೆಗೆ ಒಣಗಿದ ಅಂಟು ಎಚ್ಚರವಾಗುತ್ತದೆ, ಹಳೇ ಕಾಲದ ಕಸುಬುದಾರರಿಗೆ ಅದು ಗೊತ್ತಿತ್ತು ಎಂದು ಆಮೇಲೆ ಒಂದು ಪುಸ್ತಕದಲ್ಲಿ ಓದಿದೆ. ಹಾಗಾಗಿ ಚಿನ್ನ ಹೇಗೆ ಕೂತಿತು ಎಂಬುದನ್ನು ಯಾರು ಕೇಳಿದರೂ ವಿವರಿಸಬಲ್ಲೆ. ಆದರೆ ಆ ದಿನ ನನ್ನ ಬಾಯಿಗೆ ಬಟ್ಟೆ ಕಟ್ಟಿತ್ತು, ಉಸಿರು ನನ್ನದಲ್ಲ. ನಿದ್ದೆಗೆಟ್ಟಿದ್ದೆ, ಸೆಕೆಯಿತ್ತು, ಭ್ರಮೆ ಎಂದುಕೊಳ್ಳಬಹುದು. ಆದರೆ ಅಜ್ಜಿಗೆ ಬಂದ ಲವಂಗದ ವಾಸನೆಗೆ ಏನೆನ್ನಲಿ? ನಮ್ಮ ಮನೆಯಲ್ಲಿ ಲವಂಗ ತಿನ್ನುವವರು ಯಾರೂ ಇರಲಿಲ್ಲ.

ಸರ್ಟಿಫಿಕೇಟು ಬಂದ ದಿನ ಅದನ್ನು ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ಮಾವನೂ ಬಂದಿದ್ದ. ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುವಿ ನೋಡಿ, ಅಂಗಿಗೆ ಕೈ ಒರೆಸಿಕೊಂಡು ನನಗೆ ವಾಪಸ್ ಕೊಟ್ಟ. ನಾನು ಅದನ್ನು ಅಜ್ಜಿಯ ಕೈಗಿತ್ತೆ. ಆಕೆ ಬೆರಳಿನಿಂದ ಮೆಲ್ಲಗೆ ಸವರಿದಳು.

‘ಇದರಾಗ ಎಷ್ಟ ಮಂದಿ ಹೆಸರ ಅವಪ್ಪ?’

‘ಒಂದೇ ಅದ. ನಂದು.’

ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡಳು.

‘ಅವತ್ತ ಬಂದಿದ್ದರಲ್ಲ, ಅವರ ಹೆಸರ ಈ ಸಲಾನೂ ಬಿಟ್ಟಾರ ನೋಡು.’