ಪಲ್ಲಕ್ಕಿ ಎಸೆಯಲಾರದ ಸಿದ್ರಾಮ

ಮರಾಠಿ ನಾಡಿನ ತುರ್ಭೆಯ ಮಸಾಲೆ ಮಾರುಕಟ್ಟೆಯಲ್ಲಿ ನನ್ನದೊಂದು ಒಣಮೆಣಸಿನಕಾಯಿ ಅಂಗಡಿ ಇದೆ. ಬ್ಯಾಡಗಿಯಿಂದ ಲಾರಿ ಬಂದಾಗ ಅದರ ಹಿಂದಿನ ಹಲಗೆ ಇಳಿಸುವ ಮೊದಲೇ ಅಲ್ಲಿ ಬೆನ್ನು ಬಾಗಿಸಿ ನಿಂತಿರುವವನು ಸಿದ್ರಾಮ. ವಿಜಯಪುರದ ಇಂಡಿ ಕಡೆಯವನು. ಮದುವೆಯಾದ ವರ್ಷ ಇಲ್ಲಿಗೆ ಬಂದ, ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಇಷ್ಟು ಕಾಲದಲ್ಲಿ ಅವನ ಬೆನ್ನಿನಿಂದ ನನ್ನ ಒಂದು ಚೀಲವೂ ಬಿದ್ದು ಒಡೆದಿಲ್ಲ. ಇದನ್ನು ನಾನು ಅವನೆದುರು ಹೇಳುವುದಿಲ್ಲ. ಹೇಳಿದರೆ ಹಮಾಲಿ ದರದ ಮಾತು ಬರುತ್ತದೆ.

ನಮ್ಮ ಪೇಟೆಯ ಹಮಾಲರಿಗೆ ಚೀಲದ ವಿಷಯದಲ್ಲಿ ಒಂದು ನಡೆ ಇದೆ. ಹೊತ್ತದ್ದನ್ನು ಇಡುತ್ತಾರೆ, ಎಸೆಯುವುದಿಲ್ಲ. ಮೊಣಕಾಲು ಬಗ್ಗಿಸಿ, ಸೊಂಟ ತಿರುಗಿಸಿ, ನಿದ್ದೆಹೋದ ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಇಡುತ್ತಾರೆ. ಎಸೆಯುವ ಸಂದರ್ಭ ಒಂದೇ: ಅಂಗಡಿಕಾರ ಮಾನಕ್ಕೆ ಕೈಹಾಕಿ ಬೈದಾಗ. ಆಗ ಚೀಲವನ್ನು ಅವನ ಹೊಸ್ತಿಲ ಮೇಲೆಯೇ ಕೆಡವಿ, ತಿರುಗಿ ನೋಡದೆ ನಡೆದುಬಿಡುತ್ತಾರೆ. ನಮ್ಮ ಸಾಲಿನ ಒಬ್ಬ ವ್ಯಾಪಾರಿ ಹೀಗೊಮ್ಮೆ ಬಾಯಿ ಸಡಿಲ ಬಿಟ್ಟಿದ್ದ. ಹೊಸ್ತಿಲಲ್ಲಿ ಚೀಲ ಒಡೆದು, ಘಾಟು ಎದ್ದು, ಇಡೀ ಸಾಲು ಮಧ್ಯಾಹ್ನದವರೆಗೆ ಸೀನಿತು. ಅವನು ಕ್ಷಮೆ ಕೇಳಲು ಹೋದಾಗಲೂ ಸೀನುತ್ತಲೇ ಇದ್ದುದರಿಂದ, ಕೇಳಿದ್ದು ಕ್ಷಮೆಯೋ ಮತ್ತೇನೋ ಯಾರಿಗೂ ತಿಳಿಯಲಿಲ್ಲ.

ನಾನಿರುವುದು ಠಾಕುರ್ಲಿಯಲ್ಲಿ. ನಮ್ಮ ಸೊಸೈಟಿಯಲ್ಲಿಯೇ ಹೃಷೀಕೇಶ ಎಂಬುವನಿದ್ದಾನೆ. ಹಿರಿಯರು ಧಾರವಾಡದವರು, ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ವಾರವಿಡೀ ವಿಮಾ ಕಚೇರಿಯ ಗುಮಾಸ್ತ, ಭಾನುವಾರ ಮಾತ್ರ ಮರಾಠರ ಕಾಲದ ಸರದಾರ. ಹಳೆಯ ಕಾಲದ ಉಡುಪು ತೊಟ್ಟು ಡೊಂಬಿವಲಿಯ ಪಾಡ್ವಾ ಮೆರವಣಿಗೆಯಲ್ಲಿ, ಅಂದರೆ ನಮ್ಮ ಯುಗಾದಿಯ ದಿನ, ನಡೆಯುವ ಒಂದು ತಂಡ ಕಟ್ಟಿದ್ದಾನೆ. ಅವನ ನಿಯಮಗಳು ಕಟ್ಟುನಿಟ್ಟು: ಕೈಗಡಿಯಾರ ಕೂಡದು, ಜಿಪ್ಪು ಕೂಡದು, ಪ್ಲಾಸ್ಟಿಕ್ ಗುಂಡಿ ಕೂಡದು. ಆ ಕಾಲದಲ್ಲಿ ಇರಲಿಲ್ಲವೆಂದು ತನ್ನ ಕನ್ನಡಕವನ್ನೂ ತೆಗೆದಿಡುತ್ತಾನೆ. ಆಮೇಲೆ ಕತ್ತಿ ಹಿರಿದು ಯಾರ ಮೇಲೆ ಏರಿ ಬರುತ್ತಿದ್ದಾನೆಂದು ಅವನಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ತಂಡದಲ್ಲೊಂದು ಪಲ್ಲಕ್ಕಿ ಇದೆ. ಆಫೀಸಿನ ಹುಡುಗರ ಹೆಗಲು ಮೆರವಣಿಗೆ ಸಾಗುವ ಫಡ್ಕೆ ರಸ್ತೆಯ ಅರ್ಧಕ್ಕೇ ಸೋಲುತ್ತಿತ್ತು.

"ಅಂಕಲ್, ನಿಮ್ಮ ಮಾರ್ಕೆಟ್‌ನಲ್ಲಿ ಯಾರಾದ್ರೂ ಗಟ್ಟಿ ಮನುಷ್ಯ ಇದ್ದರೆ ಕೊಡ್ರಿ" ಎಂದ ಹೃಷೀಕೇಶ. ಒಂದು ದಿನದ ಮಟ್ಟಿಗೆ ಸಿದ್ರಾಮನನ್ನು ಕಳಿಸಿದೆ. ಅವನು ವರ್ಷಾವರ್ಷ ಹೋಗತೊಡಗಿದ. ತಾನು ಹೊತ್ತದ್ದಲ್ಲದೆ ಉಳಿದ ಮೂವರು ಹುಡುಗರಿಗೂ ಹೊರುವುದನ್ನು ಕಲಿಸಿದ. ಅವನು "ಹ್ಹೂಂ" ಎಂದರೆ ನಾಲ್ವರೂ ಎತ್ತಬೇಕು, "ಸಾವಕಾಶ" ಎಂದರೆ ನಾಲ್ವರೂ ಇಳಿಸಬೇಕು.

ಹೋದ ಪಾಡ್ವಾಕ್ಕೆ ಮಗಳು ದಾನೇಶ್ವರಿಯನ್ನೂ ಕರೆದೊಯ್ದಿದ್ದ. ಅವಳು ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ. ಗೆಳತಿಯರ ಜೊತೆ ರಸ್ತೆಯಂಚಿಗೆ ನಿಂತು ನೋಡಿದಳು. ಮನೆಗೆ ಬಂದು ಅಂದದ್ದು ಒಂದೇ ಮಾತು: "ಉಧರ್ ಭೀ ಹಮಾಲೀ, ಪಪ್ಪಾ?"

ಅಲ್ಲಿಯೂ ಹಮಾಲಿಯೇ ಎಂದು. ಸಿದ್ರಾಮ ಇದನ್ನು ನನಗೆ ಹೇಳಿದ್ದು ಚೀಲಗಳನ್ನು ಅಡಕುತ್ತಾ, ನನ್ನ ಮುಖ ನೋಡದೆ.

"ಹುಡುಗಿ ಸುಳ್ಳೇನ್ ಹೇಳಿಲ್ರಿ ಸಾವಕಾರ್ರ. ವರ್ಷಕ್ಕೊಂದಿನ ವೇಷ ಹಾಕ್ಕೊಂಡು ಹೋಗಿ ಮತ್ತ ಅದನ್ನ ಮಾಡೀನಿ."

"ಏನ್ ಮಾಡಬೇಕಂತೀ ಈಗ?"

"ಒಂದ್ಸಲ ತಲವಾರ್ ಕಟ್ಕೊಂಡು ನಡೀಬೇಕ್ರಿ. ಆಕಿ ನೋಡಬೇಕು. ಹೆಗಲು ಖಾಲಿ ಇರಬೇಕು."

ಕತ್ತಿ ಕಟ್ಟಿ ಮುಂದೆ ನಡೆಯುವ ಕಾಲಾಳುಗಳನ್ನು ತಂಡದವರು ಮಾವಳ ಎನ್ನುತ್ತಾರೆ. ಅದಕ್ಕೆ ಹುಡುಗರಲ್ಲಿ ಭಾರೀ ಪೈಪೋಟಿ. ನಾನು ಹೃಷೀಕೇಶನ ಕಿವಿಗೆ ಹಾಕಿದೆ. ಅವನು ತಲೆ ಕೆರೆದುಕೊಂಡ. "ಅಂಕಲ್, ಸುಮ್ನೆ ಕೊಟ್ರೆ ಹುಡುಗರು ನನ್ನ ಬಿಡಲ್ಲ. ಒಂದು ಶೂಟಿಂಗ್ ಬಂದದೆ. ಅದರಲ್ಲಿ ಪಲ್ಲಕ್ಕಿ ಸೀನೇ ದೊಡ್ಡದು. ಸಿದ್ರಾಮಣ್ಣ ಅದನ್ನು ಸರಿಯಾಗಿ ಮಾಡಿಕೊಡ್ಲಿ, ಈ ಪಾಡ್ವಾಕ್ಕೆ ತಲವಾರ್ ಪಕ್ಕಾ. ಎಲ್ಲರೆದುರೇ ಹೇಳ್ತೀನಿ." ಹೇಳಿದ ಕೂಡ.

ಐತಿಹಾಸಿಕ ಸಿನಿಮಾ. ಇಡೀ ತಂಡವನ್ನೇ ಕರೆದಿದ್ದರು. ಉಡುಪು ತಾನೇ ತೊಟ್ಟು ಬರುವ ಸೈನ್ಯ ಸಿನಿಮಾದವರಿಗೆ ಸಿಕ್ಕಿದ್ದೆಂದರೆ, ಚೀಲ ತಾನೇ ತರುವ ಗಿರಾಕಿ ನಮಗೆ ಸಿಕ್ಕಿದ ಹಾಗೆ. ಪೇಟೆಯ ದೃಶ್ಯಕ್ಕೆ ಮೆಣಸಿನಕಾಯಿ ಚೀಲಗಳೂ ಬೇಕಿದ್ದವು. ಅವನ್ನು ನಾನು ಬಾಡಿಗೆಗೆ ಕೊಟ್ಟೆ, ಕೊಟ್ಟ ಮೇಲೆ ಕಾಯಲೂ ಹೋದೆ. ಕಲ್ಯಾಣದಾಚೆ ಮುರಬಾಡ ರಸ್ತೆಯ ಬಯಲಿನಲ್ಲಿ ಪ್ಲೈವುಡ್ಡಿನ ಊರು ಎದ್ದಿತ್ತು. ಅನಘ ಎಂಬ ಹುಡುಗಿ ಅಲ್ಲಿಯ ಸಹನಿರ್ದೇಶಕಿ, ಕೈಯಲ್ಲಿ ಮೈಕು. ನನ್ನ ಹೊಟ್ಟೆಯನ್ನು ಒಮ್ಮೆ ನೋಡಿದವಳೇ ತಲೆಗೊಂದು ಮುಂಡಾಸು ಸುತ್ತಿಸಿ ತಕ್ಕಡಿಯ ಮುಂದೆ ಕೂರಿಸಿದಳು. "ಆ್ಯಕ್ಟಿಂಗ್ ಮತ್ ಕರೋ ಅಂಕಲ್, ಜೈಸೇ ಹೋ ವೈಸೇ ಬೈಠೋ" ಎಂದಳು. ನಟಿಸದೆ ಇದ್ದ ಹಾಗೆ ಕೂತೆ.

ದೃಶ್ಯ ಇಷ್ಟೇ. ರಾಣಿಯ ಪಲ್ಲಕ್ಕಿ ಪೇಟೆಗೆ ಬರುತ್ತದೆ. ಹೃಷೀಕೇಶನ ಮುಂದಾಳುತನದಲ್ಲಿ ಶತ್ರುಗಳು ಮೇಲೆ ಬೀಳುತ್ತಾರೆ. ಹೊತ್ತವರು ಹೆದರಿ ಪಲ್ಲಕ್ಕಿಯನ್ನು ಎಸೆದು ಓಡಬೇಕು. ಬೀಳುವ ಪಲ್ಲಕ್ಕಿಯಲ್ಲಿ ನಾಯಕಿಯನ್ನು ಕೂರಿಸುವಂತಿಲ್ಲ. ಭಾರಕ್ಕೆಂದು ಪರದೆಯ ಹಿಂದೆ ನನ್ನ ಎರಡು ಚೀಲ ಇಟ್ಟರು. ಒಡೆದರೆ ಎಂದೆ. "ನಹೀ ಫಟೇಗಾ ಅಂಕಲ್" ಎಂದಳು ಅನಘ, ಚೀಲದ ವಿಷಯದಲ್ಲಿ ನನಗೇ ಧೈರ್ಯ ಹೇಳುವಂತೆ.

ಆ್ಯಕ್ಷನ್ ಎಂದರು. ಶತ್ರುಗಳು ಅರಚುತ್ತಾ ನುಗ್ಗಿದರು. ಸಿದ್ರಾಮ "ಸಾವಕಾಶ" ಎಂದ. ನಾಲ್ವರೂ ಒಂದೇ ಉಸಿರಿಗೆ ಮೊಣಕಾಲು ಬಗ್ಗಿಸಿದರು. ಪಲ್ಲಕ್ಕಿ ನೀರ ಮೇಲೆ ಹೂ ಬಿಟ್ಟ ಹಾಗೆ ನೆಲಕ್ಕೆ ಬಂತು. ಸಿದ್ರಾಮ ಸರಿದಿದ್ದ ಪರದೆಯನ್ನು ನೆಟ್ಟಗೆ ಮಾಡಿದ, ಆಮೇಲೆ ಓಡಿದ. ಅಷ್ಟರವರೆಗೆ ಶತ್ರುಗಳೂ ಮರ್ಯಾದೆಯಿಂದ ಕಾದು ನಿಂತಿದ್ದರು.

"ಕಾಕಾ, ರಖೋ ಮತ್! ಫೇಕೋ!" ಇಡಬೇಡಿ, ಎಸೆಯಿರಿ ಎಂದು ಅನಘ ಕೂಗಿದಳು.

ಎರಡನೆಯ ಸಲ ಸಿದ್ರಾಮ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡ. ಹುಡುಗರು ಮೂವರೂ ಕೈಬಿಟ್ಟು ಓಡಿದರು. ಅವನ ಕೈ ಮಾತ್ರ ಬಿಡಲಿಲ್ಲ. ಹಿಂಭಾಗ ನೆಲಕ್ಕೆ ತಾಗಿ, ಮುಂಭಾಗ ಇವನ ಹೆಗಲ ಮೇಲೆ, ಪಲ್ಲಕ್ಕಿ ಜಾರುಬಂಡಿಯಂತೆ ನಿಂತಿತು. ಕನ್ನಡಕವಿಲ್ಲದ ಹೃಷೀಕೇಶ ಪಲ್ಲಕ್ಕಿಯನ್ನು ದಾಟಿ ಬಂದು ನನ್ನ ತಕ್ಕಡಿಯ ಮೇಲೆ ದಾಳಿ ಮಾಡಿದ.

ಅನಘ ಮೈಕು ಕೆಳಗಿಟ್ಟು ಹೃಷೀಕೇಶನನ್ನು ಕರೆದಳು. ಇನ್ನೊಂದು ಸಲ ನೋಡುವುದು, ಆಗದಿದ್ದರೆ ಆ ಕಾಕಾನನ್ನು ಬದಲಿಸುವುದು ಎಂದಾಯಿತು. ಹೃಷೀಕೇಶ ಕನ್ನಡಕ ಹಾಕಿಕೊಂಡು ಸಿದ್ರಾಮನ ಬಳಿ ಬಂದ. ಒಳ್ಳೆಯ ಹುಡುಗ, ಹೇಳುವಾಗ ಅವನಿಗೂ ಸಂಕಟವಾಗಿತ್ತು. "ಸಿದ್ರಾಮಣ್ಣ, ಇದೊಂದೇ ಚಾನ್ಸ್. ಇಲ್ಲಾಂದ್ರೆ ತಲವಾರ್ ವಿಷಯ ನನ್ನ ಕೈಲಿಲ್ಲ."

ಸಿದ್ರಾಮ ಬಂದು ನನ್ನ ತಕ್ಕಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮುಖ ಬಾಡಿತ್ತು.

"ಕೈ ಬಿಡವಲ್ವರಿ, ಸಾವಕಾರ್ರ. ಒಳಗ ನಿಮ್ಮ ಚೀಲ ಅದಾವ ಅಂತ ಹೆಗಲಿಗೆ ಗೊತ್ತಾಗಿಬಿಟ್ಟದ."

"ನನ್ನ ಚೀಲ ಅನ್ನೋದನ್ನ ಮರತುಬಿಡು" ಎಂದೆ. ಈ ಮಾತು ನನ್ನ ಬಾಯಿಂದ ಬರಬೇಕಾದರೆ ಎಷ್ಟು ಕಷ್ಟವಾಯಿತೆಂದು ಪೇಟೆಯವರು ಬಲ್ಲರು.

"ಮರೀಲಿಕ್ಕ ಬರಂಗಿಲ್ರಿ. ನೀವೊಂದು ಕೆಲಸ ಮಾಡ್ರಿ. ನಂಗ ಬೈರಿ."

"ಏನು?"

"ಬೈರಿ. ಅವರು ಆ್ಯಕ್ಷನ್ ಅಂದಕೂಡ್ಲೆ ಮರ್ಯಾದಿ ತಗೀರಿ. ಆವಾಗ ತಾನ ಬೀಳ್ತದ."

ಕೇಳಿಕೊಂಡು ಬೈಸಿಕೊಳ್ಳುವವನಿಗೆ ಬೈಯುವುದು ಸುಲಭವಲ್ಲ. ಮೊದಲು ಸಣ್ಣದಾಗಿ ನೋಡೋಣವೆಂದು "ಮೈಗಳ್ಳಾ" ಎಂದೆ. ನಕ್ಕ. "ಕತ್ತೆ ಮಗನ" ಎಂದೆ.

"ಅದನ್ನ ನೀವು ದಿನಾ ಅಂತೀರಲ್ರೀ" ಎಂದ.

"ಇನ್ನೊಂದು ಮಾತದ. ಅಂದ್ರ ನಿನಗ ಸಿಟ್ಟು ಬರ್ತದ."

"ಬರಬೇಕಲ್ರೀ ಮತ್ತ! ಏನದು?"

"ಈಗ ಹೇಳಿದ್ರ ಹಳಸ್ತದ. ಅಲ್ಲೇ ಕೇಳು."

ಮೂರನೆಯ ಸಲ ಪಲ್ಲಕ್ಕಿ ಎದ್ದಿತು. ಡೋಲು ಬಡಿಯಿತು. ಅದು ನನ್ನ ಪ್ಲೈವುಡ್ಡಿನ ಅಂಗಡಿಯ ಎದುರಿಗೆ ಬಂದಾಗ ನಾನು ತಕ್ಕಡಿ ಬಿಟ್ಟು ಎದ್ದು, ಮಾರುಕಟ್ಟೆಯ ದನಿಯಲ್ಲಿ ಕೂಗಿದೆ: "ಏ ಸಿದ್ರಾಮಾ! ಚೀಲಕ್ಕ ತೂತು ಹಾಕಿ ನನ್ನ ಮೆಣಸಿನಕಾಯಿ ಮನೀಗೆ ಒಯ್ದೀಯಲ್ಲೋ, ಕಳ್ಳಾ!"

ಅವನ ಮುಖದ ಬಣ್ಣ ಹೋಯಿತು. ತಾನೇ ಹೇಳಿ ಮಾಡಿಸಿದ ವ್ಯವಹಾರ ಎಂಬುದು ಆ ಗಳಿಗೆಯಲ್ಲಿ ಅವನ ನೆನಪಿನಲ್ಲಿ ಇರಲಿಲ್ಲ; ಇದ್ದಿದ್ದರೆ ಹಾಗೆ ನೋಡುತ್ತಿರಲಿಲ್ಲ. ಹೆಗಲು ಒಮ್ಮೆಲೇ ಪಕ್ಕಕ್ಕೆ ಸರಿಯಿತು. ಹೊರುವ ಕೋಲಿನ ಸಮೇತ ಪಲ್ಲಕ್ಕಿ ಧಡ್ ಎಂದು ನನ್ನ ಮುಂದೆ ಬಂದು ಬಿತ್ತು. ಚೀಲವೊಂದು ಬಾಯ್ಬಿಟ್ಟು ಪರದೆಯ ಸಂದಿಯಿಂದ ಕೆಂಪು ಧೂಳು ಎದ್ದಿತು.

ಆಮೇಲೆ ಯಾರೂ ನಟಿಸಲಿಲ್ಲ. ಪಲ್ಲಕ್ಕಿಯವರು, ಪೇಟೆಯವರು, ಶತ್ರುಗಳು, ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಾ, ಕೆಮ್ಮುತ್ತಾ, ಜೀವ ಉಳಿದರೆ ಸಾಕೆಂದು ಓಡಿದರು. ಹೃಷೀಕೇಶ ತಾನು ಕೊಲ್ಲಬೇಕಾಗಿದ್ದವನ ಕೈ ಹಿಡಿದುಕೊಂಡೇ ಓಡಿದ. ಓಡದವನು ಸಿದ್ರಾಮ ಒಬ್ಬನೇ. ಮೆಣಸಿನ ಘಾಟು ಅವನಿಗೆ ದಿನದ ಗಾಳಿ. ಪೇಟೆಯ ನಡೆಯ ಪ್ರಕಾರ ನನಗೆ ಬೆನ್ನು ಹಾಕಿ, ತಿರುಗಿ ನೋಡದೆ, ಆ ಧೂಳಿನ ನಡುವೆ ನೆಟ್ಟಗೆ ನಡೆದು ಹೋದ.

"ಕಟ್! ಓಕೆ! ಓಕೆ!" ಎಂದು ಅನಘ ಮೂಗಿಗೆ ದುಪಟ್ಟಾ ಒತ್ತಿಕೊಂಡು ಕಿರುಚುತ್ತಿದ್ದಳು. ಇಷ್ಟು ಚೆನ್ನಾಗಿ ಹೆದರಿದ ಜನರನ್ನು ಅವಳು ಕಂಡಿರಲಿಲ್ಲವಂತೆ. ಒಬ್ಬ ಮಾತ್ರ ಓಡದೆ ನಡೆದುಹೋಗುತ್ತಿದ್ದಾನಲ್ಲ ಎಂದು ಯಾರೋ ಕೇಳಿದರು. ಧೂಳಿನಲ್ಲಿ ಅವನು ಕಾಣುವುದಿಲ್ಲ, ಬಿಡಿ ಎಂದಳು.

ಅವನು ಊಟದ ಡೇರೆಯ ಹಿಂದೆ ಸಿಕ್ಕ. ಚಹಾದ ಲೋಟ ಹಿಡಿದು ಅತ್ತ ಮುಖ ಮಾಡಿ ನಿಂತಿದ್ದ.

"ನೀನ ಹೇಳಿದ್ದಲ್ಲೋ ಸಿದ್ರಾಮಾ" ಎಂದೆ.

"ಹೌದ್ರಿ, ನಾನ ಹೇಳಿದ್ದು."

"ಮತ್ತ?"

"ಬೈರಿ ಅಂದಿದ್ದೆ. ಇಷ್ಟು ಚಲೋ ಬೈತೀರಿ ಅಂತ ತಿಳಿದಿದ್ದಿಲ್ಲ." ನಕ್ಕ, ಆದರೆ ನಗು ಪೂರ್ತಿ ಬರಲಿಲ್ಲ.

ಮರುದಿನ ಲಾರಿ ಬಂತು. ಸಿದ್ರಾಮ ಮೊದಲ ಚೀಲ ತಂದವನು ಇಡಲಿಲ್ಲ. ನನ್ನೆದುರು ನಿಂತು, ಅದರ ತಳ ನನ್ನ ಕಡೆ ತಿರುಗಿಸಿ, "ನೋಡ್ರಿ ಸಾವಕಾರ್ರ, ತೂತಿಲ್ಲ" ಎಂದ. ಆಮೇಲೆ ಕೂಸಿನಂತೆ ಇಟ್ಟ. ಎರಡನೆಯದಕ್ಕೂ ಹಾಗೆಯೇ. ಬೇರೆ ಹಮಾಲರು ನಕ್ಕರು, ನಾನೂ ನಕ್ಕೆ, ಅವನೂ ನಕ್ಕ. ಆದರೆ ತೋರಿಸುವುದನ್ನು ಬಿಡಲಿಲ್ಲ. ಲಾರಿ ಬಂದಾಗಲೆಲ್ಲ ಇದೇ ಪೂಜೆ. "ಸಾಕು ಮಾರಾಯಾ, ನಂಬಿಕಿ ಅದ" ಎಂದೆ. "ಇರ್ಲಿ ಬಿಡ್ರಿ, ನೋಡಿದ್ರ ಏನ್ ಹೋಗ್ತದ" ಎಂದ. ತಮಾಷೆಯಲ್ಲಿ ಎಷ್ಟು ಪಾಲು ತಮಾಷೆ ಎಂದು ತೂಗಲು ನನ್ನ ಬಳಿ ತಕ್ಕಡಿ ಇರಲಿಲ್ಲ.

ಹೃಷೀಕೇಶ ಮಾತಿಗೆ ತಪ್ಪಲಿಲ್ಲ. ಪಾಡ್ವಾದ ಬೆಳಿಗ್ಗೆ ಗಣಪತಿ ಗುಡಿಯ ಹತ್ತಿರ ತಾನೇ ಸಿದ್ರಾಮನ ಸೊಂಟಕ್ಕೆ ಕತ್ತಿ ಕಟ್ಟಿದ. ಕನ್ನಡಕ ತೆಗೆದುಬಿಟ್ಟಿದ್ದರಿಂದ ಮೊದಲು ಪಕ್ಕದವನ ಸೊಂಟ ಹುಡುಕಿದ. ಕೆಂಪು ಮುಂಡಾಸು, ಬಿಳಿ ಅಂಗಿ, ಖಾಲಿ ಹೆಗಲು. ಆ ಹೆಗಲ ಮೇಲೆ ಇಲ್ಲದ ವಸ್ತ್ರದ ಸಿಂಬೆಯನ್ನು ಸರಿಪಡಿಸಲು ಅವನ ಕೈ ಆಗಾಗ ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಹಿಂದೆ ಹೊಸ ಹುಡುಗನೊಬ್ಬ ಸೇರಿದ ಪಲ್ಲಕ್ಕಿ ದೋಣಿಯಂತೆ ತೊನೆಯುತ್ತಿತ್ತು. ಸಿದ್ರಾಮ ಎರಡು ಸಲ ತಿರುಗಿ ನೋಡಿದ. ಹೋಗಲಿಲ್ಲ.

ಫಡ್ಕೆ ರಸ್ತೆಯ ತಿರುವಿನಲ್ಲಿ ದಾನೇಶ್ವರಿ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಮೊಬೈಲು ಎತ್ತಿ ಹಿಡಿದಿದ್ದಳು. ಅಪ್ಪ ಅವಳನ್ನು ಕಂಡದ್ದೇ ಹಲ್ಲೆಲ್ಲ ಬಿಟ್ಟ.

"ಪಪ್ಪಾ, ಹಸೋ ಮತ್! ಮಾವಳ ಐಸಾ ಹಸತಾ ಹೈ ಕ್ಯಾ?" ಮಾವಳನಾದವನು ಹೀಗೆ ನಗುತ್ತಾನೇನು ಎಂದು ಗದರಿಸಿದಳು. ಆಮೇಲೆ ಗೆಳತಿಯರ ಕಡೆ ತಿರುಗಿ, "ಮೇರೇ ಪಪ್ಪಾ" ಎಂದಳು. ಅವನು ನಗು ತಡೆಯಲು ತುಟಿ ಕಚ್ಚಿ ನೋಡಿದ. ಅದೂ ಪಲ್ಲಕ್ಕಿ ಎಸೆದಂತೆಯೇ ಆಯಿತು, ಆಗಲಿಲ್ಲ.

ಹಬ್ಬ ಕಳೆದು ಲಾರಿ ಬಂತು. ಸಿದ್ರಾಮ ಚೀಲ ತಂದ, ಮೊಣಕಾಲು ಬಗ್ಗಿಸಿ ಇಟ್ಟ, ಇನ್ನೊಂದಕ್ಕೆ ಹೊರಟ.

"ಯಾಕೋ, ತಳ ತೋರಿಸಲಿಲ್ಲ?" ಎಂದೆ.

"ಇನ್ಯಾಕ್ರಿ ಅದು?" ಎಂದ, ನಿಲ್ಲದೆ. "ತಲವಾರ್ ಕಟ್ಟಿದವಗ ಕಳ್ಳ ಅಂತ ಯಾರರ ಅಂತಾರೇನ್ರಿ?"

ಕತ್ತಿ ಕಟ್ಟಿಯೇ ಊರು ದೋಚಿದವರು ಚರಿತ್ರೆಯಲ್ಲಿ ಬೇಕಾದಷ್ಟಿದ್ದಾರೆಂದು ನನಗೆ ಗೊತ್ತಿತ್ತು. ಆದರೆ ಲಾರಿ ಇನ್ನೂ ಅರ್ಧ ತುಂಬಿತ್ತು. ಮುಂದಿನ ಚೀಲಕ್ಕೆ ಜಾಗ ಮಾಡಿದೆ.