ಉರಿಗೆ ಹೂವು, ಮಂಜಿಗೆ ಡಾಕ್ಟ್ರು

ಮಧ್ಯಾಹ್ನದ ಹೊತ್ತು, ಜಗಲಿಯ ಮೇಲೆ ಅಂಗಾತ ಮಲಗಿದ ಮುದುಕಿ. ಮುಚ್ಚಿದ ಎರಡೂ ಕಣ್ಣುಗಳ ಮೇಲೆ ಒಂದೊಂದು ಬಿಳಿ ಹೂವು. ಚಿಕ್ಕಂದಿನಲ್ಲಿ ಚಿಕ್ಕತಾಯಜ್ಜಿಯನ್ನು ಮೊದಲ ಸಲ ಹಾಗೆ ಕಂಡಾಗ ಹೆಣವೆಂದೇ ತಿಳಿದು ಚೀರಿದ್ದೆ. ಅಜ್ಜಿ ಅಲ್ಲಾಡಲಿಲ್ಲ. ತುಟಿ ಮಾತ್ರ ಆಡಿತು: "ಉಸ್ರಾಡ್ತಾ ಇವ್ನಿ ಕಣಮ್ಮಿ. ತಿಥಿ ಊಟಕ್ಕೆ ಇನ್ನೂ ಒಸಿ ದಿನ ಐತೆ, ಹೋಗಿ ನಿಮ್ಮವ್ವಂಗೆ ಹೇಳು."

ಕೈಲಾಂಚದಲ್ಲಿ ನಮ್ಮ ಪಕ್ಕದ ಮನೆ ಅವಳದು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳಲ್ಲಿ, ಗೂಡು ಬೇಯುವ ಹಬೆಯೊಳಗೆ ಕಣ್ಣು ನೆಟ್ಟು ಮೂವತ್ತು ವರ್ಷ ಕೂತವಳು. ಸಂಜೆಗೆ ಕಣ್ಣು ಕೆಂಡ. ಅದಕ್ಕೆ ಅವಳ ಮದ್ದು ಹಿತ್ತಲಿನ ನಂದಿಬಟ್ಟಲು. ಅವಳ ಬಾಯಲ್ಲಿ ನಂಜಬಟ್ಲು. ಕೊಯ್ದ ಹೂವಿನ ತೊಟ್ಟಿನಿಂದ ಬಿಳಿ ಹಾಲು ಸೋರುತ್ತದೆ. ಅದು ಪೂರ್ತಿ ಹೋಗುವವರೆಗೆ ತೊಳೆದು, ಕಂಚಿನ ಬಟ್ಟಲಿನ ತಣ್ಣೀರಲ್ಲಿ ನೆನೆಸಿ, ಮುಚ್ಚಿದ ರೆಪ್ಪೆಯ ಮೇಲಿಡಬೇಕು. ರಸ ಹಿಂಡಿ ಕಣ್ಣೊಳಗೆ ಬಿಟ್ಟುಕೊಳ್ಳುತ್ತೇವೆ ಎಂದವರನ್ನು ಬೈದು ಎಬ್ಬಿಸಿ ಕಳಿಸುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಬೆಳಕು ಹರಿಯುವ ಮುಂಚೆ ವ್ಯಾನು ಬಂದು ಊರಿನ ಹುಡುಗಿಯರನ್ನು ಗಾರ್ಮೆಂಟ್ಸಿಗೆ ಒಯ್ಯುತ್ತಿತ್ತು. ಟ್ಯೂಬ್‌ಲೈಟಿನಡಿ ದಿನವಿಡೀ ಹೊಲಿಗೆ ನೋಡಿ ದಣಿದ ಆ ಕಣ್ಣುಗಳು ಸಂಜೆ ಅಜ್ಜಿಯ ಜಗಲಿಗೆ ಬರುತ್ತಿದ್ದವು. ಪ್ರತಿಯೊಬ್ಬಳಿಗೂ ಅವಳದು ಒಂದೇ ಪ್ರಶ್ನೆ: "ಉರಿನಾ, ನೋವಾ, ಮಂಜಾ?" ಉರಿ ಎಂದವಳಿಗೆ ಹೂವು. ನೋವು ಅಥವಾ ಮಂಜು ಎಂದವಳಿಗೆ ಹೂವಿಲ್ಲ. "ಎದ್ದೇಳು, ರಾಮನಗರದ ಬಸ್ ಹತ್ತು. ಉರಿಗೆ ಹೂವು, ಮಂಜಿಗೆ ಡಾಕ್ಟ್ರು."

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆಲ್ಲುತ್ತಿದ್ದವಳು. ಎದುರಾಳಿಯ ಹತ್ತು ಮಾತಿನಲ್ಲಿ ಬಡಕಲಾದ ಒಂದನ್ನು ಹಿಡಿದೆಳೆಯುವುದು ನನ್ನ ವಿದ್ಯೆ. ಒಂದು ಸಂಜೆ, ಜಗಲಿ ತುಂಬ ಹುಡುಗಿಯರಿರುವಾಗಲೇ ಶುರುಮಾಡಿದೆ.

"ಹೆಸರಲ್ಲೇ ನಂಜು ಐತಲ್ಲಜ್ಜಿ, ಅದನ್ನ ಕಣ್ಣಿಗಿಡ್ತೀಯಾ?"

"ನಂಜು ತೆಗಿಯೋದು ಕಣಮ್ಮಿ ಅದು. ಇಲಿಪಾಷಾಣ ಅಂದ್ರೆ ಅದ್ರಲ್ಲಿ ಇಲಿ ಐತಾ?"

ಹುಡುಗಿಯರು ನಕ್ಕರು. ನನಗೆ ರೇಗಿತು. "ತಂಪು ಮಾಡೋದು ನೀರು, ಹೂವಲ್ಲ. ಒದ್ದೆ ಬಟ್ಟೆ ಸಾಕು."

"ಬಟ್ಟೆ ಹಾಕ್ಕಂಡು ಇವ್ರು ಸುಮ್ಕೆ ಮನೀಕತಾರಾ? ಎದ್ದು ಪಾತ್ರೆ ತಿಕ್ಕಕ್ಕೆ ಹೋಯ್ತಾರೆ. ಹೂವಾದ್ರೆ ಬಿದ್ದೋಯ್ತದೆ ಅಂತ ಅಲ್ಲಾಡ್ದೆ ಬಿದ್ದಿರ್ತಾರೆ."

"ಹಂಗಾದ್ರೆ ಹೂವು ಮದ್ದಲ್ಲ ಅಂತ ನೀನೇ ಒಪ್ಕೊಂಡೆ! ಇದು ಮೋಸ ಕಣಜ್ಜಿ."

ಅಜ್ಜಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಗೆದ್ದೆ ಅಂದುಕೊಂಡೆ. ಮಾರನೆಯ ಸಂಜೆ ಮೂವರು ಬರಲಿಲ್ಲ.

ಎರಡು ವರ್ಷ ಕಳೆದಿರಬೇಕು. ಹಿತ್ತಲಿನ ಗಿಡದ ತುಂಬ ಹೂವಿದ್ದರೂ ಅಜ್ಜಿ ಎಲೆಗಳನ್ನು ತಡಕುತ್ತಾ ನಿಂತಿದ್ದನ್ನು ಬೇಲಿಯಾಚೆಯಿಂದ ಕಂಡೆ. ಓಡಿಹೋಗಿ ಅವಳ ಪ್ರಶ್ನೆಯನ್ನೇ ಅವಳಿಗೆ ಕೇಳಿದೆ: "ಉರಿನಾ, ನೋವಾ, ಮಂಜಾ?"

"ಮಂಜು. ಎರಡು ಉಗಾದಿ ಆಯ್ತು."

"ಯಾಕಜ್ಜಿ ಹೇಳ್ಲಿಲ್ಲ?"

"ಹೂವಿನಜ್ಜಿ ಕಣ್ಣೇ ಹೋಯ್ತಂತೆ ಅಂದ್ರೆ ಆ ಮಕ್ಳು ಬಂದು ಮನೀಕತಾವಾ? ನೀನು ಬೇರೆ ಮೋಸ ಅಂದ್ಬುಟ್ಟಿದ್ದೆ."

ಅಂದೇ ರಾಮನಗರಕ್ಕೆ ಕರೆದೊಯ್ದೆ. ಕಣ್ಣಿನ ನರ ಸೊರಗಿದೆ, ಮೊದಲೇ ಬರಬೇಕಿತ್ತು ಎಂದರು ವೈದ್ಯರು. ಊರವರನ್ನೆಲ್ಲ ಆ ಬಸ್ಸಿಗೆ ಹತ್ತಿಸಿದವಳು ತಾನು ಮಾತ್ರ ಹತ್ತಿರಲಿಲ್ಲ. ಅವಳ ಮಾತಿನಲ್ಲಿ ನಾನು ಹಿಡಿದೆಳೆದದ್ದು ಹೂವನ್ನು. "ಮಂಜಿಗೆ ಡಾಕ್ಟ್ರು" ಎಂಬ ಉಳಿದರ್ಧವನ್ನು ಒಮ್ಮೆಯೂ ಎತ್ತಿ ಹೇಳಿರಲಿಲ್ಲ.

ಅವಳು ತೀರಿಕೊಳ್ಳುವುದಕ್ಕೆ ಒಂದು ವಾರ ಮುಂಚೆ ನೋಡಲು ಹೋಗಿದ್ದೆ. ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದು, "ಮನೀಕೊ, ಅಲ್ಲಾಡ್ಬೇಡ" ಎಂದಳು. ಅಷ್ಟು ವರ್ಷ ಪಕ್ಕದಲ್ಲಿದ್ದರೂ ನಾನು ಆ ಜಗಲಿಯ ಮೇಲೆ ಮಲಗಿದ್ದು ಅದೇ ಮೊದಲು. ನನ್ನ ಮುಖವನ್ನು ತಡವಿ ಎರಡು ಹೂವಿಟ್ಟಳು. ತಣ್ಣಗಿತ್ತು. ಹೂವೋ, ನೀರೋ, ಕೇಳಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಬೆರಳು ಮತ್ತೆ ಬಂತು. "ಅಲ್ಲಾಡ್ಬೇಡ ಅಂದ್ನಲ್ಲಮ್ಮಿ. ಹೂವು ಜಾರೈತೆ."

"ಅಲ್ಲಾಡಿಲ್ಲ ಅಜ್ಜಿ."

ಬೆರಳು ನನ್ನ ಕೆನ್ನೆಯ ಒದ್ದೆಯ ಮೇಲೆ ನಿಂತಿತು.

"ದಿಟ. ಅಲ್ಲಾಡಿಲ್ಲ," ಎಂದಳು ಅಜ್ಜಿ. ಜಾರಿದ ಹೂವನ್ನು ಹುಡುಕಿ, ಮತ್ತೆ ಇಟ್ಟಳು.